ದಿಂಬಿನೊಳಗಿನ ಐದು ಸಾವಿರ

ಪಿ.ಜೆ. ಬಡಾವಣೆ, ದಾವಣಗೆರೆ
ಭಾನುವಾರ, 22-11-1998

ಅಕ್ಕನ ಮಗಳು, ಮುದ್ದಿನ ಸೊಸೆ ತನುಶ್ರೀಗೆ ಭಾನುವಳ್ಳಿ ಪಂಚಾಕ್ಷರಿ ಮಾವ ಮನಸಾರೆ ಮಾಡುವ ಆಶೀರ್ವಾದಗಳು. ನಿಮ್ಮವ್ವನ ಕೈ ಊಟ ಉಂಡು ನಾನು ಎರಡು ಕೇಜಿ ಹೆಚ್ಚಾಗಿದ್ದೇನೆ. ಹಾಸ್ಟೆಲ್ ಊಟದಲ್ಲಿ ನೀನು ಎರಡು ಕೇಜಿ ಇಳಿದಿರುತ್ತೀಯ. ಮನೆತನದ ತೂಕ ಇದ್ದಷ್ಟೇ ಇದೆ, ಚಿಂತೆ ಬೇಡ.

ಮೊದಲಿಗೆ ಒಂದು ವಿಷಯ ನಿನಗೆ ತಿಳಿದಿರಲಿ. ಹಿಂದಿ ಭಾಷೆಯನ್ನು ತುಂಗಭದ್ರೆಯ ಈಚೆ ದಡಕ್ಕೆ ತಂದವನು ನಾನು. ಅದಕ್ಕೆ ಮುಂಚೆ ಅದು ಹರಿಹರದ ಸೇತುವೆಯ ಆಚೆಗೇ ನಿಂತು ದಾರಿ ಕಾಯುತ್ತಿತ್ತು. ನಾನು ಸೊಲ್ಲಾಪುರದಲ್ಲಿದ್ದ ಕಾಲದಲ್ಲಿ ನನ್ನ ಹಿಂದಿ ಕೇಳಿದ ಒಬ್ಬ ಹಿಂದಿ ಮೇಷ್ಟ್ರು, ಇನ್ನು ತಾನು ಯಾರಿಗೂ ಕಲಿಸುವಂಥದ್ದು ಉಳಿದಿಲ್ಲವೆಂದು ನೌಕರಿ ಬಿಟ್ಟು ಎಮ್ಮೆ ಕಟ್ಟಿದರು. ಇದನ್ನೆಲ್ಲ ನಿಮ್ಮ ಧಾರವಾಡದ ಬಿ.ಎಡ್. ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ಹೊಟ್ಟೆಕಿಚ್ಚು.

ಅಂಥವನಿಗೆ ನೀನು ಒಂದು ಪದದ ಅರ್ಥ ಕೇಳಿದ್ದೀಯ. ಶುಕ್ರವಾರ ಬಂದ ನಿನ್ನ ಕವರಿನಲ್ಲಿ ಅವ್ವನಿಗೆ ಎರಡು ಹಾಳೆ, ನನಗೆ ಅರ್ಧ ಹಾಳೆ. ಇರಲಿ. ಅರ್ಧ ಹಾಳೆಯಲ್ಲೂ ಎರಡು ಪ್ರಶ್ನೆ ತುರುಕಿದ್ದೀಯ. ಮೊದಲನೆಯದು, ‘ಮಾಸೂಮ್’ ಎಂಬ ಹಿಂದಿ ಪದಕ್ಕೆ ಸರಿಯಾದ ಅರ್ಥವೇನು, ಅದನ್ನು ಎಲ್ಲಿ ಬಳಸಬೇಕು. ನಿಘಂಟಿನಲ್ಲಿ ಮುಗ್ಧ, ನಿಷ್ಪಾಪಿ ಎಂದಿದೆಯಂತೆ. ಅಷ್ಟು ಸಾಲದು, ಒಂದು ಘಟನೆ ಹೇಳಿ ಮಕ್ಕಳ ಮನಸ್ಸಿಗೆ ತಟ್ಟಿಸು ಎಂದು ನಿಮ್ಮ ಮೇಡಂ ಹೇಳಿದ್ದಾರಂತೆ. ಬರುವ ಶುಕ್ರವಾರವೇ ನಿನ್ನ ಪಾಠವಂತೆ. ಎರಡನೆಯದು, ‘ನಿನ್ನ ದುಡ್ಡು ಹೋಯ್ತು ಅಂತ ಅವ್ವ ಒಂದೇ ಸಾಲು ಬರೆದಿದ್ದಾಳೆ, ನಿಜವಾಗ್ಲೂ ಎಷ್ಟು ಹೋಯ್ತು ಮಾವ?’

ಎರಡನೆಯ ಪ್ರಶ್ನೆಗೆ ಹಾಳೆ ಉಳಿದರೆ ಉತ್ತರ ಬರೆಯುತ್ತೇನೆ. ಮೊದಲನೆಯದಕ್ಕೆ ನನ್ನ ಹತ್ತಿರ ತಾಜಾ ಘಟನೆಯೇ ಇದೆ. ಅಕ್ಷರ ಕುಂಬಳಕಾಯಿಯಷ್ಟು ದಪ್ಪ ಇದೆ ಎಂದು ನಗಬೇಡ. ಓದಿ ಓದಿ ನಿನ್ನ ಕಣ್ಣು ಕೆಡಬಾರದು ಎಂಬ ಪ್ರೀತಿಗೆ ದಪ್ಪಗೆ ಬರೆಯುತ್ತಿದ್ದೇನೆ.

ಹನ್ನೊಂದನೇ ತಾರೀಖು ಬುಧವಾರ ಸಂಜೆ ನಾನು ಭಾನುವಳ್ಳಿಯಿಂದ ಹರಿಹರಕ್ಕೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ನಿಮ್ಮ ಮನೆ ಸೇರಿದೆ. ಚಪ್ಪಲಿ ಬಿಡುವ ಮೊದಲೇ ನಿಮ್ಮವ್ವನಿಗೆ ಹೇಳಿದೆ: ಬೇಸಿಗೆ ಭತ್ತ ಮಾರಿದ ಐದು ಸಾವಿರ ತಂದಿದ್ದೇನೆ, ಈ ಸಲ ನಿನಗೆ ಒಂದು ಮಿಕ್ಸರ್ ಕೊಡಿಸಿಯೇ ಊರಿಗೆ ಹೋಗುವುದು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ಆ ರಾತ್ರಿ ನನಗೆ ಎಣ್ಣೆಗಾಯಿ, ರೊಟ್ಟಿ, ಮೇಲೆ ಶ್ಯಾವಿಗೆ ಪಾಯಸ.

ಮರುದಿನ ನಿಮ್ಮಪ್ಪ ಬೆಳಿಗ್ಗೆಯೇ ಹುಬ್ಬಳ್ಳಿಗೆ ಹೋದರು. ಎಂಟೂವರೆ ಹೊತ್ತಿಗೆ ಬೀದಿಯಲ್ಲಿ ಟುಂಯ್ ಟುಂಯ್ ಎಂದು ಅರಳೆ ಹಿಂಜುವವನ ಬಿಲ್ಲಿನ ಸದ್ದು. ಮೂವತ್ತರ ಆಸುಪಾಸಿನ ತೆಳ್ಳನೆ ಆಳು, ಹೆಗಲ ಮೇಲೆ ತನಗಿಂತ ಉದ್ದದ ಬಿಲ್ಲು, ಹುಬ್ಬಿನ ಮೇಲೆಲ್ಲ ಹತ್ತಿ. ಕನ್ನಡ ಬಾರದು. ಉತ್ತರ ಪ್ರದೇಶದ ಕಡೆಯವನು. ಅಕ್ಕ ಬೆರಳಲ್ಲೇ ಚೌಕಾಶಿ ಮಾಡಿ ಎರಡು ಗಾದಿ, ನಾಲ್ಕು ತಲೆದಿಂಬು ಹೊರಗೆ ಹಾಕಿದಳು. ನಾನು ಹಿಂದಿನ ರಾತ್ರಿ ಮಲಗಿದ್ದ ದಿಂಬೂ ಅದರಲ್ಲಿತ್ತು. ಅವಳಿಗೆ ಎಸ್.ಎಸ್. ಬಡಾವಣೆಯಲ್ಲಿ ಬಸುರಿ ಹುಡುಗಿಯೊಬ್ಬಳ ಕುಬುಸದ ಊಟ. “ಲೋ ಪಂಚಾಕ್ಷರಿ, ಅವನ ಮುಂದ ಕುಂತಿರು, ಏಳಬ್ಯಾಡ” ಎಂದು ಹೇಳಿ ಹೋದಳು.

ಅವನ ಒಂದು ಪದ್ಧತಿ ನಿನಗೆ ಹೇಳಬೇಕು. ಮನೆಯವರು ಒಬ್ಬರು ಎದುರಿಗೆ ಕೂರದ ಹೊರತು ಅವನು ಗಾದಿಯ ಮೊದಲ ಹೊಲಿಗೆ ಬಿಚ್ಚುವುದಿಲ್ಲ. ಕತ್ತರಿ ಕೈಯಲ್ಲಿ ಹಿಡಿದು “ಬೈಠಿಯೇ ಸಾಬ್” ಎಂದು ಕಾದ. ನಾನು ಕೂತ ಮೇಲೆ ಪಕ್ಕದಲ್ಲಿ ಒಂದು ಕೆಂಪು ವಸ್ತ್ರ ಹಾಸಿದ. ಹಳೆಯ ಗಾದಿಯೊಳಗಿಂದ ಏನೇ ಬರಲಿ, ಹೇರ್‌ಪಿನ್ನೋ, ಗುಂಡಿಯೋ, ಹುಣಸೆ ಬೀಜವೋ, ತೆಗೆದು ಆ ವಸ್ತ್ರದ ಮೇಲೆ ಇಡುತ್ತಾನೆ. ಅವನಪ್ಪ ಕಲಿಸಿದ್ದಂತೆ. ಆಮೇಲೆ ಮಾತು ಬರಬಾರದಲ್ಲ.

ನಾನು ಕೂತೆ. ಕಣ್ಣು ಮುಚ್ಚಿ ಸ್ವಲ್ಪ ಯೋಚನೆ ಮಾಡುತ್ತಿದ್ದೆ. ಅದು ಗೊರಕೆ ಎಂದು ಪಕ್ಕದ ಮನೆ ಪುಟ್ಟಕ್ಕ ಹೇಳಿದರೆ ನಂಬಬೇಡ.

ಒಂದು ಗಂಟೆಗೆ ಅಕ್ಕ ಕುಬುಸ ಮುಗಿಸಿ ಬಂದವಳೇ, “ತಾ ಇಲ್ಲಿ ಆ ದುಡ್ಡು, ಬೀರುನಾಗ ಇಡ್ತೀನಿ. ಸಂಜಿಗೆ ಮಿಕ್ಸರ್ ನೋಡಾಕೆ ಹೋಗಾಣ” ಅಂದಳು.

ತನುಶ್ರೀ, ಆ ಗಳಿಗೆಯಲ್ಲಿ ನನ್ನ ಕೈ ಜೇಬಿಗೆ ಹೋಯಿತು, ವಾಪಸ್ ಬಂತು. ಕಣ್ಣು ಅಂಗಳಕ್ಕೆ ಹೋಯಿತು. ಅಲ್ಲಿ ನನ್ನ ದಿಂಬು ಬೆಳ್ಳನೆ ರಾಶಿಯಾಗಿ ಬಿದ್ದಿತ್ತು. ಬಾಯಿ ತನ್ನಷ್ಟಕ್ಕೆ ತೆರೆಯಿತು: “ತಲೆದಿಂಬಿನಾಗ ಇಟ್ಟಿದ್ನಲ್ಲಕ್ಕ!”

ಗಮನಿಸು, ನಾನು ಅಷ್ಟೇ ಅಂದದ್ದು. ಅವನು ಕದ್ದ ಎಂದು ನನ್ನ ಬಾಯಲ್ಲಿ ಬರಲಿಲ್ಲ. ಉಳಿದದ್ದನ್ನು ಬೀದಿಯೇ ಅಂದಿತು.

ಅಕ್ಕನ ಕೂಗಿಗೆ ಪುಟ್ಟಕ್ಕ ಬಂದಳು, ಎರಡು ಮನೆ ಆಚೆಯ ಕಿರಾಣಿ ಅಂಗಡಿ ಕರಿಬಸವರಾಜ ಬಂದರು. ಬೀದಿಯಲ್ಲಿ ಏನೇ ಆಗಲಿ ನ್ಯಾಯ ಹೇಳುವವರು ಅವರೇ. ಓಮ್ನಿ ವ್ಯಾನ್ ಇರುವವರೂ ಅವರೊಬ್ಬರೇ. ಹತ್ತಿಯನ್ನೆಲ್ಲ ಕೆದರಿದರು. ಅವನ ಚೀಲ ಸುರಿದರು. ಸೂಜಿ, ದಾರ, ಒಂದು ಕಟ್ಟು ಬೀಡಿ, ಒಣಗಿದ ರೊಟ್ಟಿ. ದುಡ್ಡು ಇರಲಿಲ್ಲ.

“ದಾಟಿಸಿಬಿಟ್ಟಾನೆ. ಐದು ಸಾವ್ರ ಅಂದ್ರೆ ಸುಮ್ನೇನಾ?” ಎಂದರು ಕರಿಬಸವರಾಜ. “ಪೊಲೀಸ್ರಿಗೆ ಕೊಡಾಣ.”

“ಬ್ಯಾಡ ಬ್ಯಾಡ” ಎಂದೆ ನಾನು. “ಬಡವ ಅದಾನೆ.”

ನನ್ನ ಮನಸ್ಸು ಎಷ್ಟು ದೊಡ್ಡದೆಂದು ಎಲ್ಲರೂ ಹೊಗಳಿದರು. ಪುಟ್ಟಕ್ಕ ಚಹಾ ತಂದುಕೊಟ್ಟಳು. ಪೊಲೀಸರ ಬದಲು ಕರಿಬಸವರಾಜ ಅವನ ಬಿಲ್ಲು ಕಿತ್ತುಕೊಂಡು ತಮ್ಮ ಪಡಸಾಲೆಯಲ್ಲಿ ಇಟ್ಟರು. ದುಡ್ಡು ಬರುವ ತನಕ ಅದು ಅಲ್ಲೇ. ಬಿಲ್ಲು ಹೋದ ಮೇಲೆ ಅವನ ಬಲಗೈ ಎಲ್ಲಿರಬೇಕೆಂದು ತಿಳಿಯದೆ ತೊಡೆಯ ಮೇಲೆ, ನೆಲದ ಮೇಲೆ, ಮತ್ತೆ ತೊಡೆಯ ಮೇಲೆ ಓಡಾಡುತ್ತಿತ್ತು. ಕೂಲಿ ದಿನದಿನದ್ದು, ಬಿಲ್ಲಿಲ್ಲದೆ ನಾಳೆ ಇಲ್ಲ. ಅದನ್ನು ನೋಡಿಯೂ ನಾನು ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು.

ಅವನು ಒಂದೇ ಸಮ ಹಿಂದಿಯಲ್ಲಿ ಏನೋ ಹೇಳುತ್ತಿದ್ದ. “ಇವನ ಮಾತು ಯಾರಿಗಪ್ಪ ತಿಳಿತೈತೆ?” ಎಂದು ಪುಟ್ಟಕ್ಕ ಅಂದದ್ದೇ ತಡ, ನಾನು ಎದ್ದು ನಿಂತಾಗಿತ್ತು. ಸೊಲ್ಲಾಪುರದವನಲ್ಲವೇ ನಾನು. (ಸೊಲ್ಲಾಪುರದಲ್ಲಿ ನಾನಿದ್ದದ್ದು ಮೂರು ವಾರ, ಲಾರಿ ಕ್ಲೀನರ್ ಆಗಿ. ಆದರೆ ಭಾಷೆಗೂ ದಿನಕ್ಕೂ ಏನು ಸಂಬಂಧ?)

ಅವನು ನನ್ನ ಕಡೆ ತಿರುಗಿ ಕೈಮುಗಿದು ಹೇಳಿದ: “ಸಾಬ್, ಮೈಂನೇ ಕುಛ್ ನಹೀಂ ಲಿಯಾ. ಘರ್ ಪೇ ದೋ ಮಾಸೂಮ್ ಬೈಠೇ ಹೈಂ. ಹರಿಹರ್ ಮೇಂ. ಶಾಮ್ ತಕ್ ಜಾನಾ ಹೈ.”

ಅವನು ಏನೂ ತೆಗೆದುಕೊಂಡಿಲ್ಲವಂತೆ ಎಂಬುದು ತಿಳಿಯಿತು, ಹೇಳಿದೆ. ‘ದೋ’ ಅಂದರೆ ಇಬ್ಬರು, ‘ಬೈಠೇ’ ಅಂದರೆ ಕೂತಿದ್ದಾರೆ, ಸಂಜೆಯೊಳಗೆ ಹರಿಹರಕ್ಕೆ ಹೋಗಬೇಕು. ಅದೂ ತಿಳಿಯಿತು. ನಡುವೆ ಆ ನಿನ್ನ ‘ಮಾಸೂಮ್’ ಮಾತ್ರ ಗಂಟಲಿಗೆ ಸಿಕ್ಕ ಮೀನಿನ ಮುಳ್ಳಿನಂತೆ ನಿಂತಿತು. (ನಾವು ಮೀನು ತಿನ್ನುವುದಿಲ್ಲ, ಆದರೂ.) ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಗೆ ಹುಟ್ಟಿದಾಗಿನಿಂದ ಬಂದಿಲ್ಲ. ಒಬ್ಬ ಗಂಡಸು ಸಂಜೆಗೆ ಬರುತ್ತಾನೆಂದು ಹರಿಹರದಲ್ಲಿ ಕಾದು ಕೂತಿರುವ ಇಬ್ಬರು ಯಾರಿರಬಹುದು? ನನಗೆ ಹೊಳೆದದ್ದು ಒಂದೇ. ಯಾಕೆ ಹಾಗೆ ಹೊಳೆಯಿತೆಂದು ಈಗ ಕೇಳಬೇಡ.

“ಹರಿಹರದಾಗ ಇವನ ಜೊತೆಗಾರ್ರು ಇಬ್ರು ಕುಂತಾರಂತೆ” ಎಂದೆ. “ಸಂಜಿಯೊಳಗ ಅವರನ್ನ ಕೂಡ್ಕಬೇಕಂತೆ.”

“ಅಂಗನ್ರಿ!” ಎಂದು ಕರಿಬಸವರಾಜ ತೊಡೆ ತಟ್ಟಿದರು. “ಗ್ಯಾಂಗ್ ಐತೆ ಅಂತ ನಾನ್ ಅವಾಗ್ಲೇ ಅಂದೆ!”

ಅವನು ಇನ್ನೊಂದು ಮಾತೂ ಅಂದ, ನನ್ನ ಜೇಬಿನ ಕಡೆ ಬೆರಳು ತೋರಿಸಿ. ಅದನ್ನು ನಾನು ಅನುವಾದ ಮಾಡಲಿಲ್ಲ. ಆಮೇಲೆ ಬರೆಯುತ್ತೇನೆ.

ಕರಿಬಸವರಾಜ ವ್ಯಾನ್ ತೆಗೆದರು. ಅವನನ್ನು ನಿಮ್ಮ ಮನೆ ಕಟ್ಟೆಯ ಮೇಲೆ ಅಕ್ಕ, ಪುಟ್ಟಕ್ಕರ ಕಾವಲಿನಲ್ಲಿ ಕೂರಿಸಿ, ‘ಗ್ಯಾಂಗ್’ ಹಿಡಿಯುವುದಕ್ಕೆ ನಾವು ಹೊರಟೆವು. ದಾರಿಯಲ್ಲಿ ಬಡೇಸಾಬನನ್ನು ಹತ್ತಿಸಿಕೊಂಡೆವು. ನಿನಗೆ ನೆನಪಿರಬೇಕು, ಹಳೇ ಊರಿನಲ್ಲಿ ಅರಳೆ ಹಿಂಜುವ ಮಷಿನ್ ಇಟ್ಟಿರುವವನು. ಹೊರಗಿನಿಂದ ಬಂದ ಹಿಂಜುವವರು ಹರಿಹರದಲ್ಲಿ ಎಲ್ಲಿ ಇಳಿದುಕೊಳ್ಳುತ್ತಾರೆಂದು ಅವನಿಗೆ ಗೊತ್ತು. “ನನ್ನ ಗಿರಾಕಿ ಕಳೆಯೋನು ಅವ್ನು. ಆದ್ರೂ ಹೇಳ್ತೀನಿ ಅಣ್ಣಾರೇ, ಕದಿಯೋ ಜನ ಅಲ್ಲ” ಎಂದ. ಕರಿಬಸವರಾಜ ಕೇಳಿಸಿಕೊಳ್ಳಲಿಲ್ಲ. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಹರಿಹರದಲ್ಲಿ ಹೊಳೆಯ ದಂಡೆಗೆ ಇಳಿಯುವ ಓಣಿಯ ತುದಿಯಲ್ಲಿ ನಾಲ್ಕು ತಗಡಿನ ಶೆಡ್ಡುಗಳು. ಕರಿಬಸವರಾಜ ವ್ಯಾನಿನ ಜಾಕ್ ರಾಡು ಕೈಗೆ ತೆಗೆದುಕೊಂಡರು. ನಾನು, ಧೈರ್ಯವಂತನಾದ್ದರಿಂದ, ಅವರ ಹಿಂದೆ ನಿಂತೆ. ಬಡೇಸಾಬ್ ಮೂರನೆಯ ಶೆಡ್ಡಿನ ಗೋಣಿ ಪರದೆ ಸರಿಸಿದ.

ಇಬ್ಬರು ಕೂತಿದ್ದರು. ನಿಜ.

ದೊಡ್ಡವಳಿಗೆ ಏಳು ಇರಬಹುದು, ಚಿಕ್ಕವಳಿಗೆ ನಾಲ್ಕು. ದೊಡ್ಡವಳು ಚಿಕ್ಕವಳ ತಲೆಯಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸು‌ತ್ತಿದ್ದಳು. ಮೂರು ಗಂಡಸರು, ಒಂದು ಕಬ್ಬಿಣದ ರಾಡು. ಅತ್ತು ಕಿರುಚಬೇಕಿತ್ತು ಅಲ್ಲವೇ? ಚಿಕ್ಕವಳು ಎದ್ದು, ತಾನು ಕೂತಿದ್ದ ಚೀಲವನ್ನು ಕೈಯಿಂದ ಕೊಡವಿ, ಕರಿಬಸವರಾಜರಿಗೆ “ಬೈಠೋ” ಎಂದಳು. ಮನೆಗೆ ಬಂದವರಿಗೆ ಹಾಗೆ ಹೇಳಬೇಕೆಂದು ಅವಳಪ್ಪ ಕಲಿಸಿರಬೇಕು. ಅಷ್ಟು ದೊಡ್ಡ ಆಸಾಮಿ ರಾಡು ಬದಿಗಿಟ್ಟು ಕೂತೇಬಿಟ್ಟರು! ಆಮೇಲೆ ಅವಳು ಒಂದು ಡಬ್ಬಿ ತೆರೆದು ನಮಗೆ ಮಂಡಕ್ಕಿ ಹಂಚಿದಳು. ಹಿಡಿಹಿಡಿಯಾಗಿ ಅಲ್ಲ. ಡಬ್ಬಿಯ ತಳದಲ್ಲಿ ಇದ್ದದ್ದೇ ಸ್ವಲ್ಪ. ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ಕಾಳು ಇಟ್ಟಳು.

“ಇವರವ್ವ ಹೆರಿಗೆಗೆ ಊರಿಗೆ ಹೋಗ್ಯಾಳಂತೆ” ಎಂದ ಬಡೇಸಾಬ್, ದೊಡ್ಡವಳನ್ನು ಮಾತಾಡಿಸಿ. “ಅಪ್ಪ ಸಂಜಿಗೆ ಹಿಟ್ಟು ತರ್ತಾನೆ ಅಂತ ಕಾಯಾಕತ್ತವೆ.” ಆಮೇಲೆ ನನ್ನ ಕಡೆ ತಿರುಗಿದ. “ಯಜಮಾನ್ರೇ, ಅವ ಏನಂದ ಅಂತ ಸರಿಯಾಗಿ ಹೇಳ್ರಿ.”

ಅವನು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ‘ಘರ್ ಪೇ ದೋ ಮಾಸೂಮ್ ಬೈಠೇ ಹೈಂ.’

ಕರಿಬಸವರಾಜ “ಅಂಗಂದ್ರೇನು?” ಎಂದು ಕೇಳಿದರು. ನಾನೂ ಕೇಳಿದೆ. ನನಗೆ ಗೊತ್ತಿರಲಿಲ್ಲ ಎಂದಲ್ಲ, ಬಡೇಸಾಬನಿಗೆ ಗೊತ್ತಿದೆಯೋ ಇಲ್ಲವೋ ಪರೀಕ್ಷೆ ಮಾಡಲು... ಹೋಗಲಿ ಬಿಡು. ನನಗೆ ಗೊತ್ತಿರಲಿಲ್ಲ.

ಅವನು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಇದೇ ನಿನ್ನ ಪಾಠ: “ಮಾಸೂಮ್ ಅಂದ್ರೆ... ಹೆಂಗ್ ಹೇಳ್ಲಿ ಅಣ್ಣಾರೇ. ತಪ್ಪು ಬರೆಯೋ ಪುಸ್ತಕದಾಗ ಇನ್ನಾ ಹೆಸರೇ ಹತ್ತಿಲ್ಲದ ಜೀವ. ನೀವು ರಾಡ್ ಹಿಡ್ಕಂಡ್ ಬಂದ್ರಿ, ಅದು ಕೂಡ್ರಿ ಅಂತು ನೋಡ್ರಿ. ಅದು ಮಾಸೂಮ್. ನಿಮಗ ಹೆದರಲಿಲ್ಲ ಅಂತಲ್ಲ. ಹೆದರಬೇಕಾದಂಥೋರು ಇರ್ತಾರೆ ಅಂತಾನೇ ಅದಕ್ಕೆ ಗೊತ್ತಿಲ್ಲ.”

ನನ್ನ ಅಂಗೈಯಲ್ಲಿ ಆ ಒಂದು ಕಾಳು ಮಂಡಕ್ಕಿ ಇತ್ತು. ಕರಿಬಸವರಾಜ ತಮ್ಮದನ್ನು ತಿಂದರು. ನನಗೆ ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ. ಮುಷ್ಟಿ ಮುಚ್ಚಿಕೊಂಡೆ.

ಮಕ್ಕಳನ್ನು ಅಲ್ಲಿ ಬಿಟ್ಟು ಬರಲು ಕರಿಬಸವರಾಜರಿಗೆ ಮನಸ್ಸಾಗಲಿಲ್ಲ. ಅಪ್ಪನ ಹತ್ತಿರವೇ ಕರೆದುಕೊಂಡು ಹೋಗೋಣ ಎಂದರು. ಪಕ್ಕದ ಶೆಡ್ಡಿನ ಮುದುಕಿಗೆ ಬಡೇಸಾಬ್ ಹೇಳಿ ಬಂದ. ಇಬ್ಬರಿಗೂ ವ್ಯಾನು ಹೊಸದು. ಚಿಕ್ಕವಳು ಕರಿಬಸವರಾಜರ ತೊಡೆಯ ಮೇಲೆ ಕೂತು ಹಾರನ್ ಒತ್ತಿದಳು. ಅವರು ಒತ್ತಲು ಬಿಟ್ಟರು. ಹರಿಹರದಿಂದ ದಾವಣಗೆರೆಯವರೆಗೆ ಒತ್ತಿಸಿಕೊಂಡು ಬಂದರು. “ದುಡ್ಡು ಮಾತ್ರ ಎಲ್ಲಿ ಹೋಯ್ತು ಪಂಚಾಕ್ಷರಪ್ಪಾರೇ?” ಎಂದು ನಡುವೆ ಒಮ್ಮೆ ಕೇಳಿದರು. ಹಾರನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ ಎಂದು ಇಟ್ಟುಕೋ. ಬಡೇಸಾಬ್ ಮಾತ್ರ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಇನ್ನು ಬರೆಯುವುದು ಕಷ್ಟದ ಭಾಗ. ನಿಮ್ಮವ್ವ ಈಗ ಒಗ್ಗರಣೆ ಹಾಕುತ್ತಿದ್ದಾಳೆ, ಘಮ ಬರುತ್ತಿದೆ, ಅದರ ಧೈರ್ಯದ ಮೇಲೆ ಬರೆಯುತ್ತೇನೆ.

ವ್ಯಾನು ಮನೆ ಮುಂದೆ ನಿಂತಾಗ ಅವನು ಕಟ್ಟೆಯ ಮೇಲೆ ಕೂತೇ ಇದ್ದ. ಬಾಗಿಲು ತೆರೆದು ಮೊದಲು ಇಳಿದವರು ಕರಿಬಸವರಾಜ, ಕೈಯಲ್ಲಿ ಚಿಕ್ಕವಳು. ಹಿಂದೆ ನಾನು, ದೊಡ್ಡವಳ ಕೈ ಹಿಡಿದು. ನಾವು ಪ್ರೀತಿಯಿಂದ ಕರೆತಂದೆವು ಅಂದುಕೊಂಡಿದ್ದೆವು. ಅವನು ನೋಡಿದ್ದು ಬೇರೆ. ತನ್ನನ್ನು ಹಿಡಿದವರು ಈಗ ಮಕ್ಕಳನ್ನೂ ಹಿಡಿದು ತಂದಿದ್ದಾರೆ. ಕಟ್ಟೆಯಿಂದ ಎದ್ದವನು ನೇರ ನನ್ನ ಕಾಲ ಮೇಲೆ ಬಿದ್ದ.

“ಇನ್ ಕೋ ಛೋಡ್ ದೋ ಸಾಬ್! ಪೈಸಾ ಮೈಂನೇ ಲಿಯಾ. ಮೈಂನೇ ಹೀ ಲಿಯಾ.”

“ಏನಂತಾನ್ರೀ ಪಂಚಾಕ್ಷರಪ್ಪಾರೇ?” ಎಂದರು ಕರಿಬಸವರಾಜ.

ಜೀವಮಾನದಲ್ಲಿ ಮೊದಲ ಸಲ ಒಬ್ಬರು ಆಡಿದ ಹಿಂದಿ ನನಗೆ ಒಂದು ಪದ ಬಿಡದೆ ಅರ್ಥವಾಗಿತ್ತು. ಇವರನ್ನು ಬಿಟ್ಟುಬಿಡಿ, ದುಡ್ಡು ನಾನೇ ತೆಗೆದುಕೊಂಡೆ. ನಾನು ಸುಳ್ಳು ಹೇಳಬೇಕಾಗಿರಲಿಲ್ಲ ತನುಶ್ರೀ. ಅವನು ಅಂದದ್ದನ್ನು ಇದ್ದ ಹಾಗೆ ಕನ್ನಡಕ್ಕೆ ಹಾಕಿದ್ದರೆ ಸಾಕಿತ್ತು. ನಾನು ಜನ್ಮಕ್ಕೆ ಪಾರು. ಮಧ್ಯಾಹ್ನ ತಪ್ಪು ಅನುವಾದ ಮಾಡಿ ಅವನನ್ನು ಕಳ್ಳ ಮಾಡಿದ್ದೆ. ಈಗ ಸರಿಯಾದ ಅನುವಾದ ಮಾಡಿದರೂ ಅವನು ಕಳ್ಳನೇ ಆಗುತ್ತಿದ್ದ. ಬಡೇಸಾಬನಿಗೆ ಎಲ್ಲ ಕೇಳಿಸಿತ್ತು. ನಾನೇನು ಹೇಳುತ್ತೇನೆಂದು ಕಾದ. ನನ್ನ ಮುಷ್ಟಿಯಲ್ಲಿ ಆ ಮಂಡಕ್ಕಿ ಬೆವರಿಗೆ ಒದ್ದೆಯಾಗಿತ್ತು.

“ಅವ ಏನಂತಾನೆ ಅನ್ನಾದು ಬಿಡ್ರಿ” ಎಂದೆ. “ನಾನ್ ಏನಂತೀನಿ ಕೇಳ್ರಿ. ದಿಂಬಿನಾಗ ದುಡ್ಡೇ ಇರ್ಲಿಲ್ಲ.”

ಆಮೇಲೆ ನಿಲ್ಲಿಸಲು ಆಗಲಿಲ್ಲ. ಬುಧವಾರ ಹರಿಹರದಲ್ಲಿ ಬಸ್ಸಿಗೆ ಕಾಯುವಾಗ, ಒಂದು ಬೇವಿನ ಮರದ ಕೆಳಗೆ ಒಬ್ಬ ಮೂರು ಇಸ್ಪೀಟು ಎಲೆ ಆಡಿಸುತ್ತಿದ್ದ, ರಾಣಿ ಎಲ್ಲಿದ್ದಾಳೆ ಹೇಳಿದರೆ ಒಂದಕ್ಕೆ ಎರಡು. ಅವನ ಪಕ್ಕ ಇಬ್ಬರು ಜೊತೆಗಾರರು ಗೆದ್ದ ಹಾಗೆ ಕುಣಿಯುತ್ತಿದ್ದರು. ರಾಣಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೆಂದು ನಾನೂ ಕೂತೆ. ಏಳುವ ಹೊತ್ತಿಗೆ ಐದು ಸಾವಿರವೂ ಅವರದಾಗಿತ್ತು. ‘ಇಬ್ಬರು ಜೊತೆಗಾರರು’ ನನ್ನ ತಲೆಗೆ ಎಲ್ಲಿಂದ ಬಂದರೆಂದು ಈಗ ತಿಳಿಯಿತಲ್ಲ. ಅಕ್ಕನಿಗೆ ಹೇಳಲು ನಾಚಿಕೆಯಾಗಿ ದಿಂಬಿನ ಹೆಸರು ಹೇಳಿದೆ. ಎಲ್ಲವನ್ನೂ ಬೀದಿಯ ನಡುವೆ ನಿಂತು ಹೇಳಿದೆ.

ಜೇಬಿನಿಂದ ಇನ್ನೊಂದನ್ನೂ ತೆಗೆದೆ. ನಿನ್ನ ಚಿಕ್ಕಂದಿನ ಬಂಗಾರದ ಬೆಂಡೋಲೆ. ಏಳನೇ ಕ್ಲಾಸಿನಲ್ಲಿ ಒಂದು ಕಳೆದು, ಒಂದು ತಿಂಗಳು ಬೈಸಿಕೊಂಡಿದ್ದೆಯಲ್ಲ, ಅದೇ. ಹಳೆಯ ಗಾದಿಯೊಳಗೆ ಇತ್ತು. ಬೆಳಿಗ್ಗೆ ಅವನು ನನ್ನನ್ನು ಎಬ್ಬಿಸಿ (ಹೌದು, ಗೊರಕೆಯೇ) ನನ್ನ ಕೈಗೆ ಕೊಟ್ಟಿದ್ದ. ಅಕ್ಕನಿಗೆ ಕೊಡಬೇಕೆಂದೇ ಜೇಬಿಗೆ ಹಾಕಿದ್ದೆ, ಆಣೆ. ಆದರೆ ದಿಂಬಿನ ಸುಳ್ಳು ಹೇಳಿದ ಮೇಲೆ ಹೊರಗೆ ತೆಗೆಯಲು ಬರಲಿಲ್ಲ. ಬಂಗಾರ ಸಿಕ್ಕರೂ ಕೊಟ್ಟವನು ದುಡ್ಡು ಯಾಕೆ ಕದಿಯುತ್ತಾನೆ ಎಂದು ಯಾರಾದರೂ ಕೇಳಿಬಿಡುತ್ತಿದ್ದರು. ಮಧ್ಯಾಹ್ನ ಅವನು ನನ್ನ ಜೇಬು ತೋರಿಸಿ ಹೇಳಿದ್ದು ಇದನ್ನೇ. ನಾನು ನುಂಗಿದ ಮಾತು ಇದೇ.

ಆಮೇಲೆ ಅವನನ್ನು ಎಬ್ಬಿಸಿ ಹಿಂದಿಯಲ್ಲೇ ಹೇಳಬೇಕೆನಿಸಿತು, ಹೊಸ ಪದ ಬೇರೆ ಕೈಯಲ್ಲಿತ್ತು. “ತುಮ್ ಮಾಸೂಮ್ ಹೈ” ಎಂದೆ.

ಬಡೇಸಾಬ್ ಬಗ್ಗಿ ಕಿವಿಯಲ್ಲಿ ಹೇಳಿದ: “ಅವನಿಗೆ ಬೇಕಸೂರ್ ಅನ್ರಿ ಯಜಮಾನ್ರೇ. ತಪ್ಪು ಮಾಡದೋನು ಅಂತ. ಮಾಸೂಮ್ ಈ ಮಕ್ಕಳು. ದೊಡ್ಡೋರು ಯಾರೂ ಮಾಸೂಮ್ ಇರಲ್ಲ, ಆದ್ರೆ ಬೇಕಸೂರ್ ಇರಬಹುದು. ಅದೇ ದೊಡ್ಡದು.”

“ತುಮ್ ಬೇಕಸೂರ್ ಹೈ” ಎಂದೆ. ‘ಹೈ’ ಸರಿಯೋ ‘ಹೋ’ ಸರಿಯೋ ಗೊತ್ತಿಲ್ಲ, ನೀನು ತಿದ್ದಿಕೋ. ನಾನು ಹಿಂದಿಯಲ್ಲಿ ಆಡಿದ ಒಂದೇ ಸತ್ಯವಾದ ವಾಕ್ಯ ಅದು.

ಮೊದಲು ಬಾಯಿಬಿಟ್ಟವಳು ಪುಟ್ಟಕ್ಕ. “ಅಯ್ಯ ಶಿವನೇ, ಈ ಮೂಳನ ದುಃಖಕ್ಕೆ ಮಧ್ಯಾನದಿಂದ ಮೂರು ಸಲ ಚಾ ಕಾಸಿದ್ನಲ್ಲೋ! ಏಲಕ್ಕಿ ಬ್ಯಾರೆ ಹಾಕಿದ್ದೆ!” ಕರಿಬಸವರಾಜ ಮನೆಗೆ ಹೋಗಿ ಬಿಲ್ಲು ತಂದು, ಎರಡೂ ಕೈಯಿಂದ ಅವನಿಗೆ ಕೊಟ್ಟರು. ನಿಮ್ಮವ್ವ ನನ್ನ ಕಡೆ ನೋಡಲೇ ಇಲ್ಲ. ಮಕ್ಕಳನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದಳು. ಹೊರಗೆ ಬಂದು ಅವನ ಮುಂದಿನ ಕೆಂಪು ವಸ್ತ್ರ ತೋರಿಸಿ ನನಗೆ ಅಂದದ್ದು ಇಷ್ಟೇ: “ಕೂಡು ಅಲ್ಲಿ. ಕಡೇ ಹೊಲಿಗಿ ಬೀಳಾತನಕ ಎದ್ದೀಯ, ನೋಡು ಮತ್ತೆ.”

ಕೂತೆ. ಅವನೂ ನಾನು ಕೂರುವ ತನಕ ಬಿಲ್ಲು ಮುಟ್ಟಲಿಲ್ಲ. ಅಂಥ ದಿನವೂ ಅವನು ತನ್ನ ಪದ್ಧತಿ ಬಿಡಲಿಲ್ಲ ನೋಡು. ಟುಂಯ್ ಟುಂಯ್ ಎಂದು ಶುರುವಾಯಿತು. ನನ್ನ ಮೀಸೆ, ಹುಬ್ಬು, ಕಿವಿಯ ಕೂದಲು ಎಲ್ಲ ಬೆಳ್ಳಗಾಯಿತು. ದಾರಿಯಲ್ಲಿ ಹೋಗುವವರು “ಏನ್ ಪಂಚಾಕ್ಷರಪ್ಪಾರೇ, ಹೊಸ ಕಸುಬೇನ್ರಿ?” ಎಂದು ಕೇಳುತ್ತಿದ್ದರು. ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಊಟ ಮುಗಿಸಿ ಬಂದ ಚಿಕ್ಕವಳು ನನ್ನ ಪಕ್ಕ ಕೂತು, ನನ್ನ ಮೀಸೆಯಿಂದ ಹತ್ತಿಯ ಎಳೆ ಬಿಡಿಸತೊಡಗಿದಳು. ನನ್ನ ಮುಷ್ಟಿ ತೆರೆಸಿ ನೋಡಿದಳು. ಕಾಳು ಹಿಟ್ಟಾಗಿತ್ತು. ಒಳಗೆ ಓಡಿ, ನಿಮ್ಮವ್ವ ಕೊಟ್ಟ ಮಂಡಕ್ಕಿ ತಟ್ಟೆಯಿಂದ ಇನ್ನೊಂದು ಕಾಳು ತಂದು ಇಟ್ಟಳು. ಈ ಸಲ ತಿಂದೆ.

ಅವನ ಹೆಸರು ಸುಲೇಮಾನ್. ಅದನ್ನು ಕೇಳಬೇಕೆಂದು ನಮಗೆ ಯಾರಿಗೂ ಹೊಳೆದದ್ದು ಸಂಜೆ ಐದಕ್ಕೆ. ಅಕ್ಕ ಹೆಚ್ಚು ಕೂಲಿ ಕೊಡಹೋದಳು. ಅವನು ಮಾತಾಡಿದಷ್ಟನ್ನೇ ಎಣಿಸಿ ತೆಗೆದುಕೊಂಡ, ಉಳಿದದ್ದನ್ನು ವಸ್ತ್ರದ ಮೇಲೆ ಇಟ್ಟ. ನನ್ನನ್ನು ಕ್ಷಮಿಸಿದನೋ ಇಲ್ಲವೋ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆದರೆ ಮೊನ್ನೆ ಪುಟ್ಟಕ್ಕನ ಗಾದಿಗೆ ಬಂದಿದ್ದ. ಊರಿನಿಂದ ಗಂಡು ಮಗು ಹುಟ್ಟಿದ ಸುದ್ದಿ ಬಂದಿದೆಯಂತೆ. ಅವನು ಕತ್ತರಿ ಹಿಡಿದು ಬೀದಿಯೆಲ್ಲ ನೋಡಿ, ಪುಟ್ಟಕ್ಕನನ್ನು ಬಿಟ್ಟು ನನ್ನ ಕಡೆ ಕೈ ಮಾಡಿ “ಬೈಠಿಯೇ ಸಾಬ್” ಎಂದ. ಬೀದಿಗೆ ಬೀದಿಯೇ ನಕ್ಕಿತು. ನಾನು ಹೋಗಿ ಕೂತೆ. ನಿದ್ದೆ ಮಾಡಲಿಲ್ಲ.

ಇದನ್ನು ನಿನ್ನ ಪಾಠದಲ್ಲಿ ಹೇಳು, ನಿಮ್ಮ ಮೇಡಂ ಒಪ್ಪದಿದ್ದರೆ ನನಗೆ ಬರೆ. ಮಾಸೂಮ್ ಎಂಬುದನ್ನು ಇನ್ನೊಬ್ಬರಿಗೆ ಮಾತ್ರ ಹೇಳಬಹುದು. ನಾನು ಮಾಸೂಮ್ ಎಂದು ಹೇಳಿಕೊಳ್ಳುವಷ್ಟು ತಿಳಿದವನು ಮಾಸೂಮ್ ಅಲ್ಲ. ದೊಡ್ಡವರಿಗೆ ಬೇಕಸೂರ್ ಎನ್ನಬಹುದು, ಅವರು ಅದನ್ನು ದುಡಿದು ಗಳಿಸಿದ್ದರೆ. ನನ್ನಂಥವರಿಗೆ ಹಿಂದಿಯಲ್ಲಿ ಏನನ್ನುತ್ತಾರೆ ಎಂದು ಬಡೇಸಾಬನನ್ನು ಕೇಳಿದೆ. ಅವನು ನಕ್ಕು, ಕನ್ನಡದಾಗೇ ಭಾಳ ಅವೆ, ನಿಮ್ಮಕ್ಕಾರನ್ನ ಕೇಳ್ರಿ ಎಂದ. ಅವಳು ಹೇಳಿದ್ದಾಳೆ. ಅವು ಪಾಠದಲ್ಲಿ ಬರೆಯುವಂಥವಲ್ಲ.

ಬೆಂಡೋಲೆ ಬೀರುವಿನಲ್ಲಿ ಭದ್ರವಾಗಿದೆ. ನೀನು ರಜೆಗೆ ಬಂದಾಗ ಹೊಸದಾಗಿ ಹಿಂಜಿದ ಗಾದಿಯ ಮೇಲೆ ಮಲಗು, ಮೋಡದ ಹಾಗಿದೆ. ಅಕ್ಕ ಊಟಕ್ಕೆ ಕರೆಯುತ್ತಿದ್ದಾಳೆ. ಈಗ ಮತ್ತೆ ‘ಲೋ’ ಎನ್ನುವಷ್ಟು ಮಾತಾಡುತ್ತಾಳೆ.

ಇತಿ, ಹತ್ತಿಯಿಂದ ಮೀಸೆ ಇನ್ನೂ ಪೂರ್ತಿ ಕಪ್ಪಾಗದ,
ನಿನ್ನ ಮಾವ
ಪಂಚಾಕ್ಷರಪ್ಪ, ಭಾನುವಳ್ಳಿ

ತಾ.ಕ.: ಹಾಳೆ ಉಳಿಯಿತು. ನಿನ್ನ ಎರಡನೆಯ ಪ್ರಶ್ನೆ. ಬೇಸಿಗೆ ಭತ್ತ ಜೂನಿನಲ್ಲೇ ಮಾರಿ ಖರ್ಚಾಗಿದೆ. ಈಗಿನದು ಇನ್ನೂ ಗದ್ದೆಯಲ್ಲಿ ನಿಂತಿದೆ. ನಾನು ದಾವಣಗೆರೆಗೆ ಬಂದದ್ದು ಕಣ್ಣು ತೋರಿಸಿ ಕನ್ನಡಕ ಮಾಡಿಸಿಕೊಳ್ಳಲು. ಅದಕ್ಕೆ ನಿಮ್ಮ ಅತ್ತೆ ಕೂಡಿಟ್ಟು ಕೊಟ್ಟಿದ್ದ ದುಡ್ಡು ಮೂರೆಲೆಗೆ ಹೋಯಿತು. ಅಕ್ಷರ ದಪ್ಪಗಿರುವುದು ಪ್ರೀತಿಗಲ್ಲ, ಸಣ್ಣದು ನನಗೆ ಕಾಣುವುದಿಲ್ಲ. ಬೀದಿಯ ನಡುವೆ ಅಷ್ಟೆಲ್ಲ ಒಪ್ಪಿಕೊಂಡವನು ಈ ಒಂದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಸೋತವನಾದರೂ ದೊಡ್ಡದಾಗಿ ಸೋತವನೆನಿಸಲಿ ಎಂಬ ಆಸೆ. ಆದರೆ ರಾತ್ರಿ ಒಂದು ಮಾತು ನೆನಪಾಗುತ್ತದೆ, ‘ಐದು ಸಾವ್ರ ಅಂದ್ರೆ ಸುಮ್ನೇನಾ?’ ನಾನು ಹೋದದ್ದು ಎಷ್ಟೆಂದು ಇದ್ದಷ್ಟೇ ಹೇಳಿದ್ದರೆ ಕರಿಬಸವರಾಜ ಸುಲೇಮಾನನ ಬಿಲ್ಲು ಮುಟ್ಟುತ್ತಿರಲಿಲ್ಲ. ಇಷ್ಟಕ್ಕೆಲ್ಲ ಯಾರೂ ಯಾರ ಬಿಲ್ಲೂ ಕಸಿಯುವುದಿಲ್ಲ. ರಜೆಗೆ ಬಂದಾಗ ಅವ್ವನಿಗೆ ಇದನ್ನು ನೀನೇ ಓದಿ ಹೇಳು, ನನಗೆ ಆಗುವುದಿಲ್ಲ. ಕಳೆದುಕೊಂಡದ್ದು ಮುನ್ನೂರ ನಲವತ್ತು ರೂಪಾಯಿ.